ಸೊಪ್ಪಿನ ಮುನಿಲಕ್ಷ್ಮಿ ಅಂಟಿಸಿದ ಆರು ಪಟ್ಟಿ

ಮುನಿಲಕ್ಷ್ಮಿಗೆ ಒಂದು ಮಾತನ್ನು ಎರಡು ಸಲ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಿದರೋ, "ನಾನೇನು ಕಿವುಡೀನಾ?" ಅಂತ ಎದುರಿನವರ ಬಾಯಿ ಮುಚ್ಚಿಸಿಬಿಡೋಳು. ಇಪ್ಪತ್ತೆರಡು ವರ್ಷ ಬೇತಮಂಗಲದ ತೋಟಗಳಿಂದ ಸೊಪ್ಪು ತಂದು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗಳ ಬಾಗಿಲು ಬಾಗಿಲಿಗೂ ಮಾರಿದ ಹೆಂಗಸು ಅವಳು. ಬೆಳಗಿನ ಮೊದಲ ಬಸ್ಸಿಗೆ ಸೊಪ್ಪಿನ ಮಂಕರಿ ಏರಿಸುವಾಗಲೇ ಯಾವ ಮನೆಗೆ ದಂಟು, ಯಾವ ಮನೆಗೆ ಮೆಂತ್ಯ, ಯಾವ ಮನೆಯ ಅತ್ತೆಗೆ ಗೊತ್ತಾಗದ ಹಾಗೆ ಸೊಸೆಗೆ ಒಂದು ಕಟ್ಟು ಹೆಚ್ಚು ಅನ್ನುವುದೆಲ್ಲ ತಲೆಯಲ್ಲಿ ಜೋಡಿಸಿಟ್ಟುಕೊಳ್ಳೋಳು. ಚೀಟಿ ಇಲ್ಲ, ಪುಸ್ತಕ ಇಲ್ಲ. ತಮಿಳರ ಮನೆಯಲ್ಲಿ ತಮಿಳು, ತೆಲುಗರ ಮನೆಯಲ್ಲಿ ತೆಲುಗು, ಬೈಯುವಾಗ ಮಾತ್ರ ಅಪ್ಪಟ ಕನ್ನಡ. ಅಂಥವಳ ಕೈಯಿಂದಲೇ ಅವಳ ಗಂಡನ ಜೀವ ಹೋಗುವ ಹಾಗಾಯಿತು ಅಂದರೆ ಆ ಲೈನಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಆದರೆ ಆದದ್ದು ಹಾಗೆಯೇ.

ಗಂಡ ಕುಪ್ಪುಸ್ವಾಮಿ ಅವಳ ಸೋದರತ್ತೆಯ ಮಗ. ಇಪ್ಪತ್ತೇಳು ವರ್ಷ ಗಣಿಗೆ ಇಳಿದು ಹತ್ತಿದ ಆಳು. ಗಣಿ ಮುಚ್ಚಿದ ದಿನ ಮನೆಗೆ ಬಂದು ಬೂಟು ಬಿಚ್ಚಿ, "ಇನ್ನೇನು ಮಾಡೋದು ಮುನೀ" ಅಂದಾಗ ಅವಳು ಅಳಲಿಲ್ಲ. ಮಾರನೇ ದಿನವೇ ಮಂಕರಿ ಹೊತ್ತಳು. ಮಗಳು ಶ್ಯಾಮಲಳನ್ನು ಓದಿಸಿದ್ದು, ಮದುವೆ ಮಾಡಿದ್ದು, ಆ ಮದುವೆ ಮುರಿದಾಗ ಮಗಳನ್ನು ಕರೆದುಕೊಂಡು ಬಂದದ್ದು ಎಲ್ಲ ಆ ಮಂಕರಿಯಿಂದಲೇ. ಈಗ ಶ್ಯಾಮಲ ವೈಟ್‌ಫೀಲ್ಡ್ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಚೆಕ್ಕರ್. ಬೆಳಗಿನ ಜಾವದ ರೈಲಿಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. ಹಾಗಾಗಿ ಹಗಲೆಲ್ಲ ಕುಪ್ಪುಸ್ವಾಮಿಯ ಜವಾಬ್ದಾರಿ ಮುನಿಲಕ್ಷ್ಮಿಯದು.

ಅವನಿಗೆ ಮರೆವು ಶುರುವಾಗಿ ಮೂರು ವರ್ಷ. ಮೊದಮೊದಲು ಅಂಗಡಿಗೆ ಹೋಗಿ ಏನು ತರಬೇಕೆಂದು ಮರೆತು ಬರುತ್ತಿದ್ದ. ಆಮೇಲಾಮೇಲೆ ಶಿಫ್ಟಿಗೆ ಹೊತ್ತಾಯಿತೆಂದು ಎದ್ದು ಹೊರಡುತ್ತಿದ್ದ. ಬೆಂಗಳೂರಿನ ಡಾಕ್ಟರು ನೋಡಿ, ಇದು ವಯಸ್ಸಿನ ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ, ಮದ್ದು ಕೊಟ್ಟರೆ ಉಳಿದಿರುವುದನ್ನು ಇನ್ನೂ ಸ್ವಲ್ಪ ದಿನ ಹಿಡಿದಿಟ್ಟುಕೊಳ್ಳಬಹುದು ಅಂದಿದ್ದರು. ಮಾತ್ರೆ ಕೊಟ್ಟರೆ ಅವನಿಗೆ ವಾಂತಿ. ಊಟ ಸೇರದೆ ಎಂಟು ಕೆಜಿ ಇಳಿದ. ಅದಕ್ಕೇ ಕಾರ್ತೀಕದಲ್ಲಿ ಮಾತ್ರೆ ನಿಲ್ಲಿಸಿ ಪಟ್ಟಿ ಬರೆದರು. ಕಂದು ಬಣ್ಣದ, ಎಂಟಾಣೆಗಿಂತ ಸ್ವಲ್ಪ ದೊಡ್ಡದಾದ ಅಂಟುಪಟ್ಟಿ. ಮದ್ದು ಚರ್ಮದಿಂದಲೇ ಒಳಗಿಳಿಯುತ್ತದೆ, ಹೊಟ್ಟೆಗೆ ಅಷ್ಟು ತೊಂದರೆ ಇಲ್ಲ ಅಂತ.

ಶ್ಯಾಮಲ ಅದನ್ನು ಅಮ್ಮನ ಕೈಗೆ ಕೊಟ್ಟಿದ್ದು ಒಂದು ಬುಧವಾರ, ಬಾಗಿಲಲ್ಲಿ ನಿಂತು, ಟಿಫನ್ ಬಾಕ್ಸ್ ಬ್ಯಾಗಿಗೆ ತುರುಕುತ್ತಾ.

"ಅಮ್ಮಾ, ನೋಡು. ದಿನಕ್ಕೊಂದು ಪಟ್ಟಿ. ಬೆನ್ನಿಗೆ ಅಂಟಿಸ್ಬೇಕು. ನೆನ್ನೆ ಅಂಟಿಸಿದ ಜಾಗಕ್ಕೆ ಇವತ್ತು ಅಂಟಿಸ್ಬಾರ್ದು, ಬೇರೆ ಜಾಗ. ಗೊತ್ತಾಯ್ತಾ?"

"ಗೊತ್ತಾಯ್ತು ಓಗು, ರೈಲು ತಪ್ತದೆ."

"ತಡಿ, ಬೆಂಗಳೂರಿನ ನರ್ಸಮ್ಮ ಏಳಿದ್ದೆಲ್ಲ ಇನ್ನೊಂದ್ ಸಲ ಸರ್ಯಾಗಿ ಏಳ್ತೀನಿ..."

"ಎಷ್ಟು ಸಲ ಏಳ್ತೀಯೇ? ನೀನು ಉಟ್ಟೋಕೆ ಮುಂಚಿಂದ ನಿಮ್ಮಪ್ಪನ ಬೆನ್ನಿಗೆ ಪ್ಲಾಸ್ಟರ್ ಅಂಟಿಸ್ದೋಳು ನಾನು. ನಂಗೆ ಕಲಿಸೋಕೆ ಬರ್ತಾಳೆ!"

ಅದು ಸುಳ್ಳೂ ಅಲ್ಲ. ಲೈನ್ ಮನೆಗಳ ಹೆಂಗಸರಿಗೆ ಬೆನ್ನಿಗೆ ಪ್ಲಾಸ್ಟರ್ ಅಂಟಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಶಿಫ್ಟು ಮುಗಿಸಿ ಬಂದ ಗಂಡಸು ಬನಿಯನ್ ಎತ್ತಿ ಗೋಡೆಗೆ ಕೈ ಕೊಟ್ಟು ನಿಂತರೆ, ನೋವಿರುವ ಕಡೆ ಬೆರಳಿನಿಂದ ಒತ್ತಿ ನೋಡಿ ಟಪ್ಪನೆ ಅಂಟಿಸುವುದು. ಅದಕ್ಕೊಂದು ಕಟ್ಟಳೆ ಇತ್ತು. ಅಂಟಿಸಿದ ಪ್ಲಾಸ್ಟರನ್ನು ಕೈಯಿಂದ ಕೀಳಬಾರದು. ಮದ್ದೆಲ್ಲ ಒಳಗೆ ಹೋದ ಮೇಲೆ ಅದಾಗಿ ಅದೇ ಉದುರುತ್ತದೆ. ಕಿತ್ತರೆ ಮದ್ದೂ ದಂಡ, ಚರ್ಮವೂ ಕಿತ್ತು ಬರುತ್ತದೆ. ನೋವು ಹೋಗದಿದ್ದರೆ ಪಕ್ಕದಲ್ಲಿ ಇನ್ನೊಂದು ಹಾಕು. ಮುನಿಲಕ್ಷ್ಮಿಗೆ ಇದನ್ನು ಅತ್ತೆ ಹೇಳಿಕೊಟ್ಟಿದ್ದಳು, ಅವಳು ಸೊಪ್ಪಿನ ಜೊತೆ ಎಷ್ಟೋ ಸೊಸೆಯರಿಗೆ ಹೇಳಿಕೊಟ್ಟಿದ್ದಳು. ಯಾರಿಗೂ ಏನೂ ಆಗಿರಲಿಲ್ಲ.

ಬುಧವಾರ ಬಲ ಹೆಗಲ ಕೆಳಗೆ ಒಂದು ಅಂಟಿಸಿದಳು. ಗುರುವಾರ ಎಡಕ್ಕೆ. ಶುಕ್ರವಾರ, ಶನಿವಾರ ಅದರ ಕೆಳಗೆ ಒಂದೊಂದು. ನೀರು ಸೋಕಿದರೆ ಮದ್ದು ಹೋದೀತೆಂದು ಸ್ನಾನ ನಿಲ್ಲಿಸಿ, ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ರಾತ್ರಿ ಮಗಳು ಬಂದು, "ಪಟ್ಟಿ ಅಂಟಿಸ್ದ್ಯಾ ಅಮ್ಮಾ?" ಅಂದರೆ, "ಅಂಟಿಸ್ದೆ." ಅಷ್ಟೇ ಮಾತು. ಆ ಹೊತ್ತಿಗೆ ಕುಪ್ಪುಸ್ವಾಮಿ ಕಂಬಳಿ ಹೊದ್ದು ಮಲಗಿರುತ್ತಿದ್ದ. ಅವನ ಬೆನ್ನು ನೋಡುವ ಯೋಚನೆ ಶ್ಯಾಮಲಳಿಗೆ ಯಾಕೆ ಬಂದೀತು?

ಶನಿವಾರ ಸಂಜೆ ಒಂದು ರಂಪವಾಯಿತು. ಮುದ್ದೆ ಉಂಡು ಕೈ ತೊಳೆದ ಕುಪ್ಪುಸ್ವಾಮಿ ಹತ್ತೇ ನಿಮಿಷಕ್ಕೆ ಬೀದಿಗೆ ಹೋಗಿ, ಬೆಳಗಿನಿಂದ ಇವಳು ನನಗೆ ಗಂಜಿಯನ್ನೂ ಹಾಕಿಲ್ಲ ಅಂತ ಕೂಗಿದ. ಎದುರು ಮನೆಯ ಮಂಗಮ್ಮ ಪಾಪ ಅಂತ ಒಂದು ತಟ್ಟೆ ಅನ್ನ ತಂದುಕೊಟ್ಟಳು. ಕೊಡುವಾಗ ಮುನಿಲಕ್ಷ್ಮಿಯ ಮುಖವನ್ನೊಮ್ಮೆ ನೋಡಿದಳು ನೋಡಿ, ಆ ನೋಟಕ್ಕೆ ಇವಳ ಮೈಯೆಲ್ಲ ಉರಿದುಹೋಯಿತು. ನಾಲ್ಕು ಪಟ್ಟಿ ಅಂಟಿಸಿದ್ದಾಯಿತು, ಏನು ಗುಣ ಕಂಡಿತು? ಕಾಯಿಲೆ ಇರುವುದು ತಲೆಯಲ್ಲಿ. ಬೆನ್ನಿಗೆ ಅಂಟಿಸಿದರೆ ತಲೆಗೆ ಹತ್ತುವುದು ಯಾವ ಕಾಲಕ್ಕೆ? ಸೊಂಟ ನೋವಿಗೆ ಯಾರಾದರೂ ಮೊಣಕಾಲಿಗೆ ಅಂಟಿಸುತ್ತಾರಾ? ಈ ಓದಿದವರಿಗೆ ಅಷ್ಟೂ ತಿಳಿಯುವುದಿಲ್ಲ ಅಂದುಕೊಂಡಳು.

ಭಾನುವಾರ ಮಗಳು ಬಟ್ಟೆ ಒಗೆಯಲು ನಲ್ಲಿಯ ಹತ್ತಿರ ಹೋಗಿದ್ದಾಗ ನಿದ್ದೆಯಲ್ಲಿದ್ದ ಅವನ ಟೋಪಿ ಸರಿಸಿ, ಹಿಂದಲೆಯ ಕೂದಲನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಕತ್ತಿನ ಮೇಲೆ, ಬುರುಡೆಯ ಬುಡಕ್ಕೆ ಐದನೆಯದನ್ನು ಒತ್ತಿದಳು. ಸೋಮವಾರ ಅದರ ಪಕ್ಕದಲ್ಲಿ ಆರನೆಯದು. ಚಳಿಗಾಲವಾದ್ದರಿಂದ ಮಂಕಿ ಟೋಪಿ ಅವನ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಇಳಿಸಲು ಹೋದರೆ ಬಡಿದುಬಿಡುತ್ತಿದ್ದ. ಹಾಗಾಗಿ ಯಾರಿಗೂ ಕಾಣಲಿಲ್ಲ. ಮಗಳಿಗೆ ಹೇಳಲೂ ಇಲ್ಲ. ಬೆನ್ನಿಗೆ ಅಂಟಿಸು ಅಂದಿದ್ದಳಲ್ಲ, ಗೊತ್ತಾದರೆ ರೇಗುತ್ತಾಳೆ. ಅದೂ ಅಲ್ಲದೆ ದೀಪಾವಳಿಯಲ್ಲಿ ಅಪ್ಪ ಒಬ್ಬನೇ ಹೊರಗೆ ಹೋಗಿ ಹಳೇ ಗಣಿ ಶಾಫ್ಟಿನ ಬೇಲಿಯ ಹತ್ತಿರ ಸಿಕ್ಕಿದ ದಿನ ಶ್ಯಾಮಲ ಒಂದು ಮಾತು ಆಡಿದ್ದಳು. "ಇನ್ನೊಂದ್ ಸಲ ಇಂಥ ಎಡವಟ್ಟಾದ್ರೆ ಅಪ್ಪನ್ನ ಆಶ್ರಮಕ್ಕೆ ಸೇರಿಸ್ಬಿಡ್ತೀನಮ್ಮ. ನಿನ್ ಕೈಲಿ ಆಗಲ್ಲ." ಆ ಮಾತು ಮುನಿಲಕ್ಷ್ಮಿಯ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

ಭಾನುವಾರದಿಂದಲೇ ಅವನಿಗೆ ಊಟ ಸೇರಲಿಲ್ಲ. ಬಾಯಲ್ಲಿ ಜೊಲ್ಲು. ಸೋಮವಾರ ಎರಡು ಸಲ ವಾಂತಿ. ಮುನಿಲಕ್ಷ್ಮಿ ಜೀರಿಗೆ ನೀರು ಕೊಟ್ಟಳು, ಗ್ಯಾಸು ಅಂತ ಸೋಡಾ ಕುಡಿಸಿದಳು, ಸಂಜೆ ಮಂಗಮ್ಮನ ಕಣ್ಣೇ ಬಿದ್ದಿದೆ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಪಟ್ಟಿಯ ಕಡೆಗೆ ಅವಳ ಯೋಚನೆ ಹರಿಯಲೇ ಇಲ್ಲ. ಹೊಟ್ಟೆಗೆ ತೊಂದರೆ ಕೊಡದ ಮದ್ದು ಅಂತಲೇ ಅಲ್ಲವೇ ಅದನ್ನು ಕೊಟ್ಟಿದ್ದು?

ಮಂಗಳವಾರ ಬೆಳಿಗ್ಗೆ ಏಳೂವರೆ. ಹಿತ್ತಲಿಗೆ ಹೋಗಿದ್ದ ಕುಪ್ಪುಸ್ವಾಮಿ ವಾಪಸ್ಸು ಬರುವಾಗ ಗೋಡೆ ಹಿಡಿದುಕೊಂಡ. ಹಾಗೇ ಜಾರಿ ಕುಸಿದ. ಮುನಿಲಕ್ಷ್ಮಿ ಓಡಿ ಹೋಗಿ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮೈಯೆಲ್ಲ ಬೆವರು, ಅಂಗಿ ಹಿಂಡಿದರೆ ನೀರು ಬರುವಷ್ಟು. ನವೆಂಬರಿನ ಆ ಚಳಿಯಲ್ಲಿ! ಕೈ ಮುಟ್ಟಿದರೆ ತಣ್ಣಗೆ.

"ಏನೂಂದ್ರೆ! ಕಣ್ ಬಿಡ್ರೀ! ಇಲ್ ನೋಡಿ!"

ಅವನು ಕಣ್ಣು ಬಿಟ್ಟ, ಮತ್ತೆ ಮುಚ್ಚಿದ. ಮುನಿಲಕ್ಷ್ಮಿ ಕೂಗಿದಳು. ನೆನ್ನೆ ಕಣ್ಣು ಹಾಕಿದವಳು ಅಂತ ಬೈಸಿಕೊಂಡಿದ್ದ ಅದೇ ಮಂಗಮ್ಮ ಮೊದಲು ಓಡಿ ಬಂದಳು. ಮೂಲೆ ಮನೆಯ ಗೋಪಿ ಆಟೋ ತಂದ. ಫೋನ್ ಮಾಡಿದರೆ ಶ್ಯಾಮಲ ಆಗಲೇ ಫ್ಯಾಕ್ಟರಿ ಗೇಟಿನ ಹತ್ತಿರ ಇದ್ದಳು. "ಬಂಗಾರಪೇಟೆಗೇ ಕರ್ಕೊಂಡು ಓಗಮ್ಮಾ. ಅಲ್ಲಿ ಸ್ಟೇಷನ್ ಅತ್ರ ಆಸ್ಪತ್ರೇಲಿ ಎದೆಬಡಿತ ನೋಡೋ ಮಿಷನ್ ಅದೆ. ನಾನು ಸಿಕ್ಕಿದ ರೈಲಿಗೆ ಬತ್ತೀನಿ."

ಆ ದಾರಿಯನ್ನು ಮುನಿಲಕ್ಷ್ಮಿ ಜನ್ಮದಲ್ಲಿ ಮರೆಯುವುದಿಲ್ಲ. ಆಟೋದ ಹಿಂದಿನ ಸೀಟಿನಲ್ಲಿ ಅವನ ತಲೆ ಅವಳ ಹೆಗಲ ಮೇಲೆ, ಜೊಲ್ಲು ಅವಳ ಸೆರಗಿನ ಮೇಲೆ. ಗುಂಡಿ ಬಂದಾಗೆಲ್ಲ ಅವನ ತಲೆ ಅತ್ತಿತ್ತ ಓಲಾಡಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. "ಬೇಗ ಓಡ್ಸೋ ಗೋಪಿ!" ಅನ್ನೋಳು. ಅವನು ಬೇಗ ಓಡಿಸಿದರೆ, "ಮೆಲ್ಲಗೋಗ್ಲಾ, ಸಾಯ್ಸಿಬಿಟ್ಟೀಯ!" ಅನ್ನೋಳು. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ದಾಟುವ ತನಕ ಅವಳು ಗಂಡನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂತಳು. ಬರುತ್ತಿತ್ತು. ತಡೆತಡೆದು ಬರುತ್ತಿತ್ತು.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಒಳಗೆ ಎಳೆದುಕೊಂಡು ಹೋಗಿ, ಎದೆಗೆ ತಂತಿ ಅಂಟಿಸಿ, ಬೆರಳಿಗೆ ಕ್ಲಿಪ್ಪು ಹಾಕಿದರು. ಡಾಕ್ಟರು ವಿಜಯಕುಮಾರ್ ಅಂತ, ಮೂವತ್ತೈದರ ಒಳಗಿನವರು. ಮಿಷನ್ನಿನಲ್ಲಿ ಮೂವತ್ತೆಂಟು ಅಂತ ಕಾಣಿಸಿದ್ದೇ ಅವರ ಮುಖ ಬದಲಾಯಿತು.

"ಪಲ್ಸ್ ತುಂಬಾ ಕಡಿಮೆ ಇದೆ. ಏನು ಮಾತ್ರೆ ತಗೋತಾರಮ್ಮ?"

"ಬೆಳಿಗ್ಗೆ ಬೀಪಿದು ಒಂದು ಸಾರ್. ಚೀಟಿ ಇಲ್ಲೇ ಅದೆ."

"ಇದರಲ್ಲಿ ಅಂಥದ್ದೇನೂ ಇಲ್ಲ. ಬೇರೆ ಯಾವ ಮಾತ್ರೆ?"

"ಮರೆವಿಂದು ಕೊಡ್ತಿದ್ವಿ. ನಿಲ್ಲಿಸ್ಬಿಟ್ರು."

ಎಲ್ಲ ನಿಜವೇ. ಕೇಳಿದ್ದು ಮಾತ್ರೆ, ಹೇಳಿದ್ದು ಮಾತ್ರೆಯ ಲೆಕ್ಕ. ಬೆನ್ನಿಗೆ ಅಂಟಿಸುವುದನ್ನು ಔಷಧಿ ತಗೊಳ್ಳುವುದು ಅಂತ ಅವಳ ಕಡೆ ಯಾರೂ ಅನ್ನುವುದಿಲ್ಲ. ಡಾಕ್ಟರು ಒಂದು ಇಂಜೆಕ್ಷನ್ ಕೊಡಿಸಿದರು. ಮೂವತ್ತೆಂಟು ಇದ್ದದ್ದು ಅರವತ್ತಕ್ಕೆ ಏರಿತು. ಮುನಿಲಕ್ಷ್ಮಿ ಕೈ ಮುಗಿದಳು. ಅರ್ಧ ಗಂಟೆಗೆ ಮತ್ತೆ ನಲವತ್ತೆರಡಕ್ಕೆ ಇಳಿಯಿತು.

ಹತ್ತು ಗಂಟೆಯ ಹೊತ್ತಿಗೆ ಶ್ಯಾಮಲ ಸ್ಟೇಷನ್ನಿನಿಂದ ಓಡೋಡಿ ಬಂದಳು. ಆಗಲೇ ನರ್ಸ್ ಸುಕನ್ಯ ಬೆವರಿನ ಅಂಗಿ ಬದಲಿಸಲೆಂದು ಅವನನ್ನು ಪಕ್ಕಕ್ಕೆ ಹೊರಳಿಸಿದ್ದು.

"ಸಾರ್, ಒಂದ್ನಿಮಿಷ ಬನ್ನಿ. ಬೆನ್ನಿನ ಮೇಲೆ ಇದೇನಿದು?"

ಡಾಕ್ಟರು ಬಗ್ಗಿ ನೋಡಿದರು. ಒಂದು ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಿದರು. ಸೊಂಟ ನೆಟ್ಟಗೆ ಮಾಡಿ, ಗಟ್ಟಿಯಾಗಿಯೇ ಕೇಳಿದರು. "ಯಾರು ಅಂಟಿಸಿದ್ದು ಇದನ್ನ? ನಾಲ್ಕು ನಾಲ್ಕು?"

"ನಾನೇ ಸಾರ್. ದಿನಕ್ಕೊಂದು."

"ಹಳೇದನ್ನ ತೆಗೆಯದೆ?"

"ಅದು... ಅದಾಗಿ ಅದೇ ಬೀಳ್ತದಲ್ಲ ಸಾರ್, ಮದ್ದು ಮುಗಿದ್ಮೇಲೆ?"

"ಎಲ್ಲಿ ಮುಗಿಯುತ್ತಮ್ಮಾ! ಒಂದು ದಿನ ಕಳೆದ ಮೇಲೂ ಅರ್ಧಕ್ಕರ್ಧ ಮದ್ದು ಅದರಲ್ಲೇ ಇರುತ್ತೆ. ಹೊಸದರ ಜೊತೆ ಹಳೇವೂ ಒಳಗೆ ಬಿಡ್ತಾನೇ ಇವೆ. ವಾಂತಿ, ಬೆವರು, ಎದೆಬಡಿತ ಇಳಿದಿರೋದು, ಎಲ್ಲ ಇದರಿಂದಲೇ. ಸಿಸ್ಟರ್, ತೆಗೀರಿ ಎಲ್ಲಾನೂ."

ಸುಕನ್ಯ ಗ್ಲೌಸ್ ಹಾಕಿಕೊಂಡು ಒಂದೊಂದೇ ಬಿಡಿಸಿ, ಅಂಟಿರುವ ಕಡೆಯನ್ನು ಒಳಕ್ಕೆ ಮಡಚಿ ಟ್ರೇಯಲ್ಲಿಟ್ಟಳು. ಒದ್ದೆ ಹತ್ತಿಯಲ್ಲಿ ಬೆನ್ನು ಒರೆಸಿದಳು. ಶ್ಯಾಮಲ ಬಾಗಿಲಲ್ಲೇ ನಿಂತು ಎಲ್ಲ ನೋಡಿದಳು. ಬೆಳಗಿನಿಂದ ರೈಲಿನಲ್ಲಿ ಅಳು ತಡೆದುಕೊಂಡು ಬಂದವಳಿಗೆ ಕಟ್ಟೆ ಒಡೆಯಿತು.

"ಅಮ್ಮಾ! ಬುದ್ಧಿ ಅದ್ಯಾ ನಿಂಗೆ? ಅಪ್ಪನ್ನೇ ಕೊಲ್ಲೋಕೆ ಒರಟಿದ್ದೀಯಲ್ಲ! ಯಾವ ಮಾತ್ ಏಳಿದ್ರೂ ಕೇಳ್ದೆ ನನಗ್ಗೊತ್ತು ನನಗ್ಗೊತ್ತು ಅಂತೀಯ! ಏನ್ ಗೊತ್ತು ನಿಂಗೆ? ಸಾಕು. ಇವತ್ತಿಗೆ ಮುಗೀತು. ಬದುಕಿದ್ರೆ ಅಪ್ಪನ್ನ ನಿನ್ ಕೈಗೆ ಕೊಡಲ್ಲ."

ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದ ಮಂಚದ ಮುದುಕಿ ಎದ್ದು ಕೂತಳು. ಅರವತ್ತಾರು ವರ್ಷದಲ್ಲಿ ಯಾರ ಮುಂದೆಯೂ ತಗ್ಗದ ಮುನಿಲಕ್ಷ್ಮಿಯ ತಲೆ ತಗ್ಗಿತು.

"ಇಷ್ಟೇನಾ, ಇನ್ನೂ ಇವೆಯಾ?" ಡಾಕ್ಟರು ಕೇಳಿದರು.

ಅವಳು ಮಗಳ ಮುಖ ನೋಡಿದಳು. ಆ ನಾಲ್ಕು ಪಟ್ಟಿಗೇ ಇಷ್ಟು. ಹಿಂದಲೆಯ ಕೂದಲು ಕತ್ತರಿಸಿ ಕದ್ದುಮುಚ್ಚಿ ಅಂಟಿಸಿದ್ದು ಗೊತ್ತಾದರೆ? ತಲೆ ಕಾಯಿಲೆಗೆ ತಲೆಗೇ ಅಂಟಿಸಿದೆ ಅಂತ ಇವರೆಲ್ಲರ ಮುಂದೆ ಬಾಯಿ ಬಿಟ್ಟರೆ? ನಗುತ್ತಾರೆ. ಹುಚ್ಚಿ ಅನ್ನುತ್ತಾರೆ. ಬೆನ್ನಿನವು ನಾಲ್ಕು ತೆಗೆದಾಯಿತಲ್ಲ, ಇನ್ನು ಎರಡರಿಂದ ಏನಾಗುತ್ತೆ? ಆಮೇಲೆ ಯಾರೂ ಇಲ್ಲದಾಗ ನಾನೇ ಮೆಲ್ಲಗೆ ಕಿತ್ತುಬಿಟ್ಟರಾಯಿತು.

"ಅಷ್ಟೇ ಸಾರ್," ಅಂದಳು.

ಅವಳನ್ನು ಹೊರಗಿನ ಬೆಂಚಿಗೆ ಕಳಿಸಿದರು. ಮೆಲ್ಲಗೆ ಕೀಳುವುದೆಲ್ಲಿ ಬಂತು, ಒಳಗೆ ಕಾಲಿಡುವ ಹಾಗೂ ಇಲ್ಲ. ಬಾಗಿಲ ಗಾಜಿನಿಂದ ಮಂಕಿ ಟೋಪಿಯ ಕೆಂಪು ಅಂಚು ಮಾತ್ರ ಕಾಣುತ್ತಿತ್ತು. ಸುಕನ್ಯ ಒಮ್ಮೆ ಟೋಪಿಗೆ ಕೈ ಹಾಕಿದಳು. ಆ ಅರೆಪ್ರಜ್ಞೆಯಲ್ಲೂ ಕುಪ್ಪುಸ್ವಾಮಿ ಕೈ ಬೀಸಿದ. ಅವಳು ಬಿಟ್ಟುಬಿಟ್ಟಳು. ಮುನಿಲಕ್ಷ್ಮಿಗೆ ಅದನ್ನು ನೋಡಿ ಒಂದು ಕ್ಷಣ ಸದ್ಯ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹನ್ನೊಂದಾಯಿತು. ಎರಡನೇ ಇಂಜೆಕ್ಷನ್ ಕೊಟ್ಟರು. ಏರಿತು, ಮತ್ತೆ ಇಳಿಯಿತು. ಮೂವತ್ತೊಂಬತ್ತು. ಡಾಕ್ಟರು ಹೊರಗೆ ಬಂದು ಶ್ಯಾಮಲಳ ಜೊತೆ ಮಾತಾಡಿದ್ದು ಬೆಂಚಿನವರೆಗೂ ಕೇಳಿಸಿತು.

"ಪಟ್ಟಿ ತೆಗೆದ ಮೇಲೂ ಚರ್ಮದಲ್ಲಿರೋ ಮದ್ದು ಸ್ವಲ್ಪ ಹೊತ್ತು ಕೆಲಸ ಮಾಡುತ್ತೆ, ನಿಜ. ಆದರೆ ಇಷ್ಟು ಹೊತ್ತಿಗೆ ಸ್ವಲ್ಪವಾದ್ರೂ ನಿಲ್ಲಬೇಕಿತ್ತು. ಹಾರ್ಟಲ್ಲೇ ಬೇರೆ ಏನೋ ತೊಂದರೆ ಇರಬಹುದು. ಕೋಲಾರಕ್ಕೆ ಕಳಿಸ್ತೀನಿ, ಅಲ್ಲಿ ಎದೆಗೆ ಪೇಸ್‌ಮೇಕರ್ ತಂತಿ ಹಾಕ್ತಾರೆ. ಆಂಬುಲೆನ್ಸ್ ಬರ್ತಿದೆ. ಈ ವಯಸ್ಸಿಗೆ, ಈ ಸ್ಥಿತೀಲಿ... ದಾರಿಯಲ್ಲಿ ಏನು ಬೇಕಾದ್ರೂ ಆಗಬಹುದಮ್ಮ. ಇಲ್ಲಿ ಒಂದು ಸಹಿ ಹಾಕಿ."

ಶ್ಯಾಮಲ ಪೆನ್ನು ಹಿಡಿದಳು.

ಮುನಿಲಕ್ಷ್ಮಿ ಬೆಂಚಿನಿಂದ ಎದ್ದಳು. ಮತ್ತೆ ಕೂತಳು. ಹೇಳಿದರೆ ಮಗಳು ಇನ್ನು ಈ ಜನ್ಮದಲ್ಲಿ ಅಪ್ಪನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೊದಲನೇದು ತಿಳಿಯದೆ ಮಾಡಿದ್ದು ಅನ್ನಬಹುದು. ಇದಕ್ಕೆ ಏನನ್ನುವುದು? ಕೇಳಿದಾಗ ಇಲ್ಲ ಅಂದದ್ದಕ್ಕೆ ಏನನ್ನುವುದು? ಹೊರಗೆ ಆಂಬುಲೆನ್ಸಿನ ಸದ್ದು ಹತ್ತಿರವಾಯಿತು. ಇಬ್ಬರು ಹುಡುಗರು ಸ್ಟ್ರೆಚರ್ ತಳ್ಳಿಕೊಂಡು ಒಳಗೆ ಹೋದರು. ಥೂ, ನನ್ನ ಮಾನಕ್ಕಿಷ್ಟು ಬೆಂಕಿ ಬೀಳ, ಅಂದುಕೊಂಡಳು ಮುನಿಲಕ್ಷ್ಮಿ. ಇರೋದು ಅವರೊಬ್ಬರು. ಆಶ್ರಮದಲ್ಲಾದರೂ ಇರಲಿ, ಎಲ್ಲಾದರೂ ಇರಲಿ, ಉಸಿರಾಡಿಕೊಂಡಿರಲಿ.

"ಡಾಕ್ಟ್ರೇ!" ಅವಳು ಕೂಗಿದ್ದು ಸೊಪ್ಪು ಮಾರುವ ದನಿಯಲ್ಲಿ. ಇಡೀ ಆಸ್ಪತ್ರೆಗೆ ಕೇಳಿಸಿತು. "ಇನ್ನೂ ಎರಡವೆ!"

"ಏನು ಎರಡು?"

"ಪಟ್ಟಿ ಸಾರ್. ತಲೇಲವೆ. ಟೋಪಿ ಒಳಗೆ. ನಾನೇ ಆಕಿದ್ದು. ನಾನೇ ಸುಳ್ ಏಳಿದ್ದು."

ಶ್ಯಾಮಲ ಏನೋ ಅನ್ನಲು ಬಾಯಿ ತೆರೆದಳು. ಮುನಿಲಕ್ಷ್ಮಿ ಅದಕ್ಕೆ ಕಾಯಲಿಲ್ಲ. ಡಾಕ್ಟರಿಗಿಂತ ಮುಂಚೆ ಒಳಗೆ ನುಗ್ಗಿ ಮಂಚದ ತಲೆಯ ಕಡೆ ನಿಂತಳು. ಕುಪ್ಪುಸ್ವಾಮಿ ಟೋಪಿ ಹಿಡಿದುಕೊಂಡು ತಳ್ಳಿದ. "ಬಿಡ್ರೀ, ಆಮೇಲೆ ಬಡೀರಂತೆ," ಅಂತ ಅವನ ಕೈಯನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಟೋಪಿ ಎಳೆದಳು. ಸುಕನ್ಯ ಗ್ಲೌಸು ಕೊಟ್ಟಳು. ಬೆವರಿಗೆ ಕೂದಲೆಲ್ಲ ಅಂಟಿಕೊಂಡಿತ್ತು. ಐದನೆಯದರ ಅಂಚು ಸಿಗಲಿಲ್ಲ, ಉಗುರಿನಿಂದ ಎಬ್ಬಿಸಿ ಮೆಲ್ಲಗೆ ಬಿಡಿಸಿದಳು. ಆರನೆಯದು ಕೂದಲು ಕಿತ್ತುಕೊಂಡೇ ಬಂತು. ಅವನು ನೋವಿಗೆ ನರಳಿದ. ಅವಳೂ ನರಳಿದಳು. ಕೆಳಗಿನ ಚರ್ಮ ಕೆಂಪಾಗಿ ಊದಿತ್ತು. ಸುಕನ್ಯ ಮೂರು ಸಲ ತೊಳೆದು ಒರೆಸಿದಳು.

"ಒಟ್ಟು ಆರು ಸಾರ್. ಬುಧವಾರದಿಂದ ಸೋಮವಾರದ ತಂಕ. ಇನ್ನಿಲ್ಲ. ನಮ್ಮಪ್ಪನಾಣೆ ಇನ್ನಿಲ್ಲ. ಬೇಕಾದ್ರೆ ಮೈಯೆಲ್ಲ ನೋಡ್ಬಿಡಿ."

ಸುಕನ್ಯ ನಿಜವಾಗಿಯೂ ಅಂಗಾಲಿನವರೆಗೂ ನೋಡಿದಳು. ಮತ್ತೊಂದು ಇಂಜೆಕ್ಷನ್ ಕೊಟ್ಟರು. ಡಾಕ್ಟರು ಆಂಬುಲೆನ್ಸಿನವನಿಗೆ ಅಲ್ಲೇ ನಿಲ್ಲಲು ಹೇಳಿ, ಮಿಷನ್ನಿನ ಮುಂದೆ ನಿಂತರು. ಐವತ್ತೆಂಟು. ಹತ್ತು ನಿಮಿಷ ಬಿಟ್ಟು ಐವತ್ತೈದು. ಐವತ್ತೆರಡು. ಮುನಿಲಕ್ಷ್ಮಿಗೆ ಓದಲು ಬಾರದಿದ್ದರೂ ಅಂಕಿ ಬರುತ್ತಿತ್ತು. ಇಳಿಯಬೇಡ, ಇಳಿಯಬೇಡ ಅಂತ ಅವಳ ತುಟಿ ಅಲ್ಲಾಡುತ್ತಿತ್ತು. ಐವತ್ತೊಂದು. ಅಲ್ಲೇ ನಿಂತಿತು. ಕಾಲು ಗಂಟೆ ಅಲ್ಲೇ ಆಡಿತು. ಆಮೇಲೆ ಐವತ್ತಮೂರು, ಐವತ್ತಾರು. ಮಧ್ಯಾಹ್ನ ಒಂದು ಗಂಟೆ ಆಗುವಾಗ ಅರವತ್ತು. ಆಂಬುಲೆನ್ಸ್ ವಾಪಸ್ಸು ಹೋಯಿತು.

"ಕೇಳಿದಾಗಲೇ ಯಾಕೆ ಹೇಳಲಿಲ್ಲ ನೀವು?" ಡಾಕ್ಟರಿಗೆ ಸಿಟ್ಟಿತ್ತು. "ಅವನ್ನು ತಲೆಯಲ್ಲಿ ಇಟ್ಟುಕೊಂಡೇ ಕೋಲಾರಕ್ಕೆ ಹೋಗ್ತಿದ್ದರು ನಿಮ್ಮ ಯಜಮಾನರು. ಅಲ್ಲಿಯವರೆಗೂ ಹೋಗ್ತಿದ್ದರೋ ಇಲ್ಲವೋ."

"ನಾಚಿಕೆ ಆಯ್ತು ಸಾರ್."

ಡಾಕ್ಟರು, ಇವತ್ತು ಪಟ್ಟಿ ಬೇಡ, ಬೆಂಗಳೂರಿನ ಡಾಕ್ಟರ ಜೊತೆ ನಾನೇ ಮಾತಾಡುತ್ತೇನೆ, ಅವರು ಹೇಳುವವರೆಗೂ ಒಂದನ್ನೂ ಮುಟ್ಟಬೇಡಿ, ಮೂರ್ನಾಲ್ಕು ದಿನ ತಪ್ಪಿದರೆ ಮತ್ತೆ ಸಣ್ಣ ಪಟ್ಟಿಯಿಂದಲೇ ಶುರು ಮಾಡಬೇಕಾಗುತ್ತದೆ ಅಂತ ಹೇಳಿ ಹೋದರು.

ಮಧ್ಯಾಹ್ನ ಸುಕನ್ಯ ಸ್ಟೂಲು ಎಳೆದುಕೊಂಡು ಇಬ್ಬರ ಎದುರಿಗೆ ಕೂತಳು. ಮೊದಲು ಹಳೆಯದು ಕೈಗೆ ಬರಬೇಕು, ಆಮೇಲೆ ಹೊಸದರ ಕವರು ಹರಿಯಬೇಕು ಅಂದಳು. ಹಚ್ಚುವ ಮುಂಚೆ ಪೆನ್ನಿನಲ್ಲಿ ತಾರೀಕು ಬರೆಯಿರಿ, ಬೆನ್ನಿನಲ್ಲಿ ಎರಡು ತಾರೀಕು ಇದ್ದರೆ ಒಂದು ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಅದೇ ಜಾಗಕ್ಕೆ ಹದಿನಾಲ್ಕು ದಿನ ಮತ್ತೆ ಹಚ್ಚಬೇಡಿ. ಕೂದಲಿರುವ ಕಡೆ, ಗಾಯವಿರುವ ಕಡೆ ಬೇಡ. ಒಂದು ದಿನ ಮರೆತರೆ ಮಾರನೇ ದಿನ ಎರಡು ಹಾಕಬೇಡಿ. ಸ್ನಾನ ಮಾಡಿಸಬಹುದು, ನೀರಿಗೆ ಏನೂ ಆಗಲ್ಲ. ತೆಗೆದದ್ದನ್ನು ಮಡಚಿ ಮಕ್ಕಳಿಗೆ ಸಿಗದ ಕಡೆ ಎಸೆಯಿರಿ, ಕೈ ತೊಳೆಯಿರಿ. ವಾಂತಿಯಾದರೆ, ತಲೆ ಸುತ್ತಿದರೆ ಪಟ್ಟಿ ತೆಗೆದು ಮೊದಲು ಫೋನ್ ಮಾಡಿ.

"ಇನ್ನೊಂದ್ ಸಲ ಏಳಮ್ಮ," ಅಂದಳು ಮುನಿಲಕ್ಷ್ಮಿ.

ಸುಕನ್ಯ ಮತ್ತೆ ಹೇಳಿದಳು. ಶ್ಯಾಮಲ ಅಷ್ಟೂ ಹೊತ್ತು ಗೋಡೆ ನೋಡುತ್ತಿದ್ದವಳು ನರ್ಸು ಎದ್ದು ಹೋದ ಮೇಲೆ ಮೆಲ್ಲಗೆ ಅಂದಳು: "ಇದೆಲ್ಲ ಬೆಂಗಳೂರಲ್ಲಿ ನಂಗೂ ಏಳಿದ್ರಮ್ಮ. ದಿನಕ್ಕೊಂದು, ಬೇರೆ ಜಾಗ ಅಂತ ಮಾತ್ರ ನಿಂಗೆ ಏಳ್ದೆ. ಹಳೇದು ಕೀಳು ಅನ್ನೋದನ್ನೂ ಏಳ್ಬೇಕು ಅಂತ ಒಳೀಲೇ ಇಲ್ಲ. ರೈಲಿಗೆ ಒತ್ತಾಗಿತ್ತು." ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶ್ಯಾಮಲ ಅಮ್ಮನ ಕೈಗೆ ಒಂದು ಲೋಟ ಟೀ ಕೊಟ್ಟಳು. ಆಶ್ರಮದ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕುಪ್ಪುಸ್ವಾಮಿ ಪೂರ್ತಿ ಕಣ್ಣು ಬಿಟ್ಟ. ಬೆವರು ನಿಂತಿತ್ತು. ಸುಕನ್ಯ ತಲೆ ಎತ್ತಿ ಹಿಡಿದು ಎರಡು ಚಮಚ ನೀರು ಕುಡಿಸಿದಳು. ಅವನು ಸೂರು ನೋಡಿದ, ಕಿಟಕಿ ನೋಡಿದ, ಮಂಚದ ಕಾಲ ಹತ್ತಿರ ನಿಂತಿದ್ದ ಮುನಿಲಕ್ಷ್ಮಿಯನ್ನು ನೋಡಿದ. ಅವಳಿಗೆ ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ.

"ಸಿಸ್ಟರ್," ಅಂದ ಕುಪ್ಪುಸ್ವಾಮಿ, ದನಿ ತಗ್ಗಿಸಿ. "ಈಯಮ್ಮ ಯಾಕೆ ಇಂಗೆ ಅಳ್ತಾವ್ರೆ? ಅವ್ರ ಕಡೆಯೋರು ಯಾರಾದ್ರೂ ಓಗ್ಬಿಟ್ರಾ?"

ಮುನಿಲಕ್ಷ್ಮಿ ಮೂಗು ಒರೆಸಿಕೊಂಡು ಹತ್ತಿರ ಬಂದಳು.

"ಇಲ್ಲ ಕಣಪ್ಪ. ನಮ್ ಮನೆಯೋರು. ಓಗ್ತಿದ್ರು, ಉಳ್ಕಂಡ್ರು."

"ಒಳ್ಳೇದಾಯ್ತು ಬಿಡಿ." ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಕನಿಕರದಿಂದಲೇ ನೋಡಿದ. "ಇನ್ಮೇಲೆ ಜೋಪಾನವಾಗಿ ನೋಡ್ಕಳಿ."

"ನೋಡ್ಕಂತೀನಿ," ಅಂದಳು ಮುನಿಲಕ್ಷ್ಮಿ.